ಪಾವತಿ ಇಲ್ಲದ ವರ್ಷ

ಮಾಪುಸಾದ ಮಾಮಲೆದಾರ ಕಚೇರಿಯ ಎದುರು
ಝೆರಾಕ್ಸ್ ಅಂಗಡಿಯ ತಗಡಿನಡಿ ನನ್ನದೊಂದು ಮೇಜು.
ಒಂದು ಕಾಲು ಗಿಡ್ಡ. ಅದಕ್ಕೆ ಒತ್ತು ಕೊಟ್ಟಿರುವುದು
ತಿರಸ್ಕೃತವಾದ ಹಳೆಯ ಅರ್ಜಿಗಳ ಮಡಿಕೆ.
ಅರ್ಜಿಯೊಂದಕ್ಕೆ ಮೂವತ್ತು ರೂಪಾಯಿ.
ಕನ್ನಡದಲ್ಲಿ ಅತ್ತದ್ದನ್ನು ಇಂಗ್ಲಿಷಿನಲ್ಲಿ
ವಿನಂತಿಸಿಕೊಳ್ಳುತ್ತೇನೆ.

ಶುಕ್ರವಾರ, ಸಂತೆಯ ದಿನ. ಒಣಮೀನಿನ ವಾಸನೆ
ರಸ್ತೆ ದಾಟಿ ಬರುವ ಹೊತ್ತಿಗೆ ಬಂದಳು ಘಮಲಿಬಾಯಿ
ಕಲಂಗುಟಿನಿಂದ, ಬಸ್ಸಿನಲ್ಲಿ ನಿಂತುಕೊಂಡೇ.
ಗದಗಿನ ಕಡೆಯ ತಾಂಡಾದವಳು.
ಮರಳ ಬಿಸಿಲು ಮೈಯೆಲ್ಲ ಸುಟ್ಟಿದೆ;
ಮೊಣಕೈ ಮೇಲೆ ಬಳೆಗಳಿದ್ದ ಜಾಗ ಮಾತ್ರ
ಇನ್ನೂ ತಿಳಿಬಣ್ಣ.
ಗಂಡ ಯಾವಾಗ ಹೋದ ಎಂದು ಕೇಳಬೇಕಾಗಲಿಲ್ಲ.

ವಿಧವೆಯರ ಸಹಾಯಧನದ ನಮೂನೆ, ನಾಲ್ಕು ಪುಟ.
ಮೂರನೆಯದರಲ್ಲಿ ಒಂದು ಸಾಲು:
ಹದಿನೈದು ವರ್ಷ ಎಡೆಬಿಡದೆ
ಇಲ್ಲಿ ವಾಸವಿದ್ದುದಕ್ಕೆ ಪುರಾವೆ.

ಮನೆ ಕರಾರು?
"ಮಾಲಕ ಬರದು ಕೊಡಂಗಿಲ್ರಿ."
ಲೈಟ್ ಬಿಲ್ಲು?
"ಅದೂ ಅವನ ಹೆಸರಿಗೇ."
ರೇಶನ್ ಕಾರ್ಡು ಇತ್ತು. ಐದು ವರ್ಷದ್ದು,
ಅದರಲ್ಲಿ ಅವಳು ಕಮಲಾ.
ಮಕ್ಕಳ ಶಾಲೆಯ ದಾಖಲೆ ಎಂದೆ.
ಕಡಲಿನ ದಿಕ್ಕಿಗೆ ನೋಡಿದಳು,
ಇಲ್ಲಿಂದ ಕಡಲು ಕಾಣುವುದಿಲ್ಲ.

"ಫೋಟೋ ನಡಿತಾವೇನ್ರಿ? ರಶಿಯಾದವರು, ದಿಲ್ಲಿಯವರು
ಭಾಳ ಮಂದಿ ತಗದಾರ.
ಅವರವರ ಮನಿಯಾಗ ಇರ್ತಾವ."

ಎದ್ದವಳು ಮತ್ತೆ ಕೂತಳು. ಸೆರಗಿನಡಿಯಿಂದ
ಹಾಲಿನ ಪ್ಲಾಸ್ಟಿಕ್ ಚೀಲ, ರಬ್ಬರು ಸುತ್ತಿದ್ದು:
"ಇವು ಬ್ಯಾಡ ಅಲ್ಲ? ಮತ್ತ ಹಿಡದರ ತೋರಸಾಕ ಇಟ್ಟೀನಿ."
ಗುಲಾಬಿ, ಹಳದಿ, ಉಪ್ಪುಗಾಳಿಗೆ ಅಂಚು ಮುದುರಿದ
ದಂಡದ ಪಾವತಿಗಳು.
ಪರವಾನಗಿ ಇಲ್ಲದೆ ಕಡಲತೀರದಲ್ಲಿ ಮಾರಾಟ.
ಪ್ರವಾಸಿಗರಿಗೆ ಕಿರಿಕಿರಿ.
ಕಾಲುಗೆಜ್ಜೆ ಹನ್ನೆರಡು ಜೊತೆ, ಕನ್ನಡಿ ಕಸೂತಿಯ ಚೀಲ ನಾಲ್ಕು, ಜಪ್ತಿ.
ಹೆಸರು ಘಮಲಿ, ಗಮಳಿ, ಒಮ್ಮೆ ಗೋಮತಿ;
ಹೆಬ್ಬೆಟ್ಟು ಮಾತ್ರ ಒಂದೇ.

ನನಗೆ ಕೈ ನಡುಗಿತು.
ವರ್ಷವಾರು ಜೋಡಿಸಿದೆ ಮೇಜಿನ ಮೇಲೆ,
ಹಾರದಂತೆ ಒಂದೊಂದಕ್ಕೂ ಕಲ್ಲು.
ಎರಡು ಸಾವಿರದ ಎಂಟು, ಒಂಬತ್ತು, ಹತ್ತು...
ಇಲ್ಲಿರಬೇಡ ಎಂದು ಸರಕಾರವೇ
ಪ್ರತಿ ವರ್ಷ ಬರೆದುಕೊಟ್ಟಿದೆ,
ತಾರೀಖು ಹಾಕಿ, ಠಸ್ಸೆ ಒತ್ತಿ!
ಕಲ್ಲು ಸಾಲದೆ ಝೆರಾಕ್ಸಿನವನ ಸ್ಟೇಪ್ಲರ್ ತಂದೆ.

ಹದಿನಾಲ್ಕರಲ್ಲಿ ಮೇಜು ಖಾಲಿ.

"ಆ ವರ್ಷ ಊರಿಗೆ ಹೋಗಿದ್ದಿ ಏನವ್ವಾ?"
"ಎಲ್ಲಿ ಊರು. ಆ ವರ್ಷ ಬಂದಿದ್ದ ಸಾಹೇಬ
ಚಲೋ ಮನಶಾ ಇದ್ದ. ಹಿಡದಾಗೆಲ್ಲಾ
ನೆಳ್ಳಿಗೆ ಕೂತು ನೀರು ಕುಡಿ ಅಂತಿದ್ದ.
ಒಂದು ಪಾವತೀನೂ ಹರೀಲಿಲ್ಲ.
ಹೆಸರು ಗೊತ್ತಿಲ್ರಿ, ಎದಿಮ್ಯಾಗಿನ ಬಿಲ್ಲಿ
ಓದಾಕ ನನಗ ಬರತೈತೇನು?
ಒಂದು ಹಲ್ಲು ಬಂಗಾರದ್ದಿತ್ತು."

ತಲಾಠಿ ಗಾವಸಬಾಯಿ ಕೆಟ್ಟವಳಲ್ಲ.
ಪೆನ್ಸಿಲಿನ ತುದಿಯಿಂದ ಒಂದೊಂದೇ ಎಣಿಸಿದಳು.
ಒಂದು ಸಲ ನಕ್ಕಳು ಕೂಡ, ಗೋಮತಿಗೆ.
ಆಮೇಲೆ ಪೆನ್ಸಿಲು ನಿಂತಿತು.
ನಮೂನೆ ನನ್ನ ಕಡೆ ತಿರುಗಿಸಿ
ಒಂದೇ ಒಂದು ಪದದ ಕೆಳಗೆ ಗೆರೆ ಎಳೆದಳು:
ಎಡೆಬಿಡದೆ.

ಹೊರಗೆ ಸಂತೆ ಮುಗಿಯುತ್ತಿತ್ತು.
ಬಾಳೆಹಣ್ಣಿನವರು ಉಳಿದದ್ದನ್ನು ಅಗ್ಗಕ್ಕೆ ಕೂಗುತ್ತಿದ್ದರು.
ಕಚೇರಿಯ ಮೆಟ್ಟಿಲಲ್ಲಿ ಸೆರಗಿನ ಗಂಟು ಬಿಚ್ಚುತ್ತ
ಕೇಳಿದಳು:
"ಆ ವರ್ಷದ ದಂಡ ಈಗ ಕಟ್ಟಿದರ ನಡೆಯಂಗಿಲ್ಲೇನ್ರಿ?"

ಯಾರಿಗೆ ಕಟ್ಟುವುದು. ಆ ಬಂಗಾರದ ಹಲ್ಲು
ಈಗ ಯಾವ ಠಾಣೆಯಲ್ಲಿದೆಯೋ,
ಯಾವ ಮಣ್ಣಿನಲ್ಲೋ.

ಅಫಿಡವಿಟ್ಟು ಬರೆಯೋಣ, ಸೋಮವಾರ ಬಾ ಎಂದೆ.
ನನ್ನ ಮೂವತ್ತು ರೂಪಾಯಿ ಮೇಜಿನ ಮೇಲಿಟ್ಟಳು.
ಬೇಡವ್ವಾ, ಇರಲಿ ಎಂದೆ.

ತಟ್ಟನೆ ನನ್ನ ಬಾಯಿಯನ್ನೇ ನೋಡಿದಳು
ಹಲ್ಲು ಹುಡುಕುವವಳ ಹಾಗೆ.
ನೋಟುಗಳನ್ನು ನನ್ನತ್ತ ತಳ್ಳಿ,
ಬೆರಳು ತೆಗೆಯದೆ ಅಂದಳು:

"ತಗೋರಿ. ತಗೊಂಡು
ಪಾವತಿ ಹರೀರಿ."