ಚಿನ್ಹೆ: ನೇಲ್ ಕಟರ್

ಮೂವತ್ನಾಕು ವರ್ಷ ಹೊರದೇಶದಾಗ
ಸರಕಾರದ ಪರವಾಗಿ ಮಾತಾಡಿದ ಎರ್ಮೆಲಿಂದಾ ಬಾಯಿ
ಮುರಗಾಂವ ಗುಡ್ಡದ ನಮ್ಮ ಓಣಿಗೆ ಓಟು ಕೇಳಾಕ ಬಂದಾಗ
ಮಾತಾಡಾಕ ನಾ ಬೇಕಾದೆ.
ಅವರವ್ವನ ಮನ್ಯಾಗ ಹನ್ನೊಂದು ವರ್ಷ ಭಾಂಡೆ ತಿಕ್ಕಿದಾಕಿ,
ಮೀನಪ್ಯಾಟಿ ಕೊಂಕಣಿ ಕಲತಾಕಿ, ರೋಣದ ಕಡೆಯಾಕಿ.

ಉಳದವರು ನನಗ ‘ಗೇ ಬಾಯ್’ ಅಂತಾರ.
ಇವರು ಮಾತ್ರ ‘ಬಸಲಿಂಗವ್ವ’ ಅಂತ
ಒತ್ತು ತಪ್ಪದಂಗ ಪೂರ್ತಿ ಅಂದ್ರು.
ಹೆಸರು ಕೆಡಿಸಿದ್ರ ಒಪ್ಪಂದನೂ ಕೆಡ್ತಾವಂತ.

ಟಿಕೇಟು ಯಾರೂ ಕೊಡಲಿಲ್ಲ.
ಒಂದು ಪಕ್ಷದವರು ಚಾ ಕುಡಿಸಿದ್ರಂತ, ಒಬ್ಬರು ಶಾಲು ಹೊದಿಸಿದ್ರಂತ,
ಇನ್ನೊಬ್ಬರು ‘ಖರ್ಚಿಗೆ ಎಷ್ಟೈತಿ’ ಅಂದ್ರಂತ.
ಪಕ್ಷೇತರ ಅಂತ ಅರ್ಜಿ ಹಾಕಿದ್ರು. ಚಿನ್ಹೆ ಹಂಚೂ ಹೊತ್ತಿಗೆ
ಕೆಟಲಿ ಹೋಗಿತ್ತು, ತೆಂಗಿನಕಾಯಿ ಹೋಗಿತ್ತು,
ಉಳದದ್ದು ನೇಲ್ ಕಟರ್.
ಕಾರಿನ ಮೂತಿಗೆ ದೇಶದ ಬಾವುಟ ಕಟ್ಟಿಕೊಂಡು ತಿರುಗಾಡಿದ ಬಾಯಿ
ಆ ಚಿತ್ರಾನ ಭಾಳೊತ್ತು ನೋಡಿ
ತಮ್ಮ ಉಗುರು ನೋಡಿಕೊಂಡು
ನಕ್ಕುಬಿಟ್ರು.

ನಮ್ಮದು ಕಲ್ಲಿದ್ದಲ ಧೂಳಿನ ಓಣಿ.
ಹಡಗು ಖಾಲಿ ಮಾಡೂ ದಿನ ಒಣಹಾಕಿದ ಅರಿವಿ
ಮತ್ತೊಮ್ಮೆ ಒಗೀಬೇಕು. ಒಗ್ಯಾಕ ನೀರಿಲ್ಲ.
ಇಮಾಂಬಿ ಮಗನ ಸಾಲಿ ಅಂಗಿ ತಂದು ಮುಂದ ಹಿಡದಳು:
‘ನೋಡ್ರಿ, ಇದು ಬಿಳೀ ಅಂಗಿ.’
ಬಾಯಿ ಎರಡೂ ಕೈಲೆ ತಗೊಂಡ್ರು. ನಿಧಾನಕ ಅಂದ್ರು:
ವಿಷಯ ಗಂಭೀರವಾದುದು, ಸಂಬಂಧಪಟ್ಟ ಎಲ್ಲರೊಡನೆ
ಮಾತುಕತೆಗೆ ವಾತಾವರಣ ಮೂಡಬೇಕು,
ಫಲಿತಾಂಶದ ಬಗ್ಗೆ ಈಗಲೇ ಏನನ್ನೂ ಹೇಳಲಾಗದು.
ಎಲ್ಲರೂ ನನ್ನ ಬಾಯಿ ಕಡೆ ನೋಡಿದ್ರು.
ನಾ ಅಂದೆ:
‘ಮಾಡ್ತಾರಂತ.’

ಚಪ್ಪಾಳಿ ಬಿತ್ತು. ಯಾವಳೋ ಸೀಟಿ ಹೊಡದಳು.

ಇಳಿಜಾರಿನಾಗ ಬಾಯಿ ನಿಂತ್ರು.
‘ಬಸಲಿಂಗವ್ವ, ನಾ ಅಂದದ್ದು ಅಷ್ಟುದ್ದ,
ನೀ ಅಂದದ್ದು ಒಂದ ಶಬ್ದ.
ದುಭಾಷಿಗಳ ನಡುವ ಮುದುಕಿ ಆದಾಕಿ ನಾನು,
ಉದ್ದ ಅಳದ ಕಳವು ಹಿಡೀತೇನಿ. ಏನಂದಿ?’
‘ನೀವಂದದ್ದಕ್ಕ ನಮ್ಮ ಮಾತಿನಾಗ ಶಬ್ದ ಇಲ್ರೀ ಬಾಯಿ.
ಇದ್ದರೂ ಅದಕ್ಕ ಓಟು ಬೀಳೂದಿಲ್ಲ.’

ನೌಕರಿಯಾಗಿದ್ದಾಗ ದಿನಾ ರಾತ್ರಿ ದಿಲ್ಲಿಗೆ ತಂತಿ ಕಳಸ್ತಿದ್ರಂತ,
ಅಲ್ಲಿಯ ಮಂತ್ರಿ ಏನಂದ, ಎಷ್ಟು ನಕ್ಕ, ಯಾವಾಗ ಕೆಮ್ಮಿದ.
ದಿಲ್ಲಿಗೆ ಈಗ ಬೇಕಿಲ್ಲ. ಚಟ ಬಿಟ್ಟಿಲ್ಲ.
ಹಾಲಿನ ಲೆಕ್ಕದ ಪುಸ್ತಕದ ಹಿಂದ ಬರದು
ಅಡಿಗಿಮನ್ಯಾಗ ನನಗ ಓದಿ ಹೇಳಿದ್ರು:
‘ಗುಡ್ಡದ ಓಣಿ. ಹೆಣ್ಣುಮಕ್ಕಳ ನಿಲುವು ಬಿಗಿ.
ಒಂದು ಅಂಗಿ ಪರಿಶೀಲಿಸಲಾಯಿತು.
ನಮ್ಮ ಪರವಾಗಿ ಒಂದು ವಚನ ಕೊಡಲಾಗಿದೆ,
ಕೊಡುವ ಅಧಿಕಾರ ಇಲ್ಲದವರಿಂದ.
ಹಿಂದೆಗೆದುಕೊಳ್ಳುವುದು…’
ಅಲ್ಲಿಗೆ ಪೆನ್ನು ಕಚ್ಚಿಕೊಂಡು ಕೂತ್ರು.
ನಾ ಹಂಚಿನ ಮ್ಯಾಲಿನ ಬಂಗಡೆ ಮಗುಚಿದೆ.

ಮರುದಿನ ಮತ್ತ ಅದ ಓಣಿ. ನನ್ನ ಹಿಂದ ಸರಿಸಿ
ಚೀಟಿ ನೋಡಿಕೊಂಡು ತಾವ ಕನ್ನಡದಾಗ ಅಂದ್ರು,
ರಾತ್ರಿ ನನ್ನ ಕಡೆಯಿಂದ ಬರಕೊಂಡದ್ದು:
‘ನಿನ್ನೆ ಹೇಳಿದ್ದು ಸುಳ್ಳ. ಆಗ್ತೈತೋ ಇಲ್ಲೋ ಗೊತ್ತಿಲ್ಲ.
ಆ ಅಂಗಿ ಕೊಡು.’
ಸೀಟಿ ಬೀಳಲಿಲ್ಲ.
ಇಮಾಂಬಿ ಕೊಟ್ಟಳು. ಯಾಕ ಅಂತ ಕೇಳಲಿಲ್ಲ.
ಹುಡುಗ ಅವತ್ತು ಸಾಲಿಗೆ ಗೆರಿಗೆರಿ ಅಂಗಿ ಹಾಕ್ಕೊಂಡು ಹೋಗಿ
ಹೊರಗ ನಿಂತ.

ಎಣಿಕಿ ದಿನ ನಮ್ಮ ಮತಗಟ್ಟ್ಯಾಗ ನೇಲ್ ಕಟರಿಗೆ
ಅರವತ್ತೊಂದು. ಠೇವಣಿ ಹೋತು.
ಒಂದು ನಂದು. ಉಳಿದ ಅರವತ್ತು ಯಾರವು,
ಕೇಳಿದವರೆಲ್ಲಾ ‘ನಂದ, ನಂದ’ ಅಂತಾರ. ಲೆಕ್ಕ ಕೂಡೂದಿಲ್ಲ.

ಅಂಗಿ ಬಾಯಿಯವರ ಕಡೆನ ಐತಿ.
ಸೋಮವಾರಕ್ಕೊಮ್ಮೆ ಪಣಜಿ ಬಸ್ಸು ಹತ್ತತಾರ.
ಚೀಲದಾಗ ಮಡಚಿ ಒಯ್ದು
ಯಾವ್ಯಾವದೋ ಸಾಹೇಬರ ಮೇಜಿನ ಮ್ಯಾಲ ಹಾಸ್ತಾರಂತ,
ಫೈಲುಗಳ ಮ್ಯಾಲ, ತೋಳು ಬಿಚ್ಚಿ.
ಒಗ್ಯಾಕ ನನಗ ಕೊಟ್ಟಿಲ್ಲ.

ಅಂಗಿ ವಾಪಸ್ ಯಾವಾಗ ಅಂತ
ಇಮಾಂಬಿ ನಳದ ಹತ್ರ ಸಿಕ್ಕಾಗೆಲ್ಲಾ ಕೇಳ್ತಾಳ.
ಅದನ್ನ ನಾನಿನ್ನೂ
ಕೊಂಕಣಿಗೆ ತಿರುವಿಲ್ಲ.