ಗಂಟು ಕಾಣದಂಗ

ಕಾಮಣ್ಣನ ಸುಟ್ಟ ಮರುದಿನ
ಓಣಿ ಮಂದಿ ಬಣ್ಣ ಆಡಾಕ ಹೋದಾಗ
ನಾ ಸುಣ್ಣದ ಬಕೆಟಿಗೆ ನೀಲಿ ಪುಡಿ ಹಾಕಿದೆ.
ಒಂದು ಚಮಚ ಸಾಕಂದಿದ್ದ ಅಂಗಡಿಯಂವ,
ಮೂರು ಹಾಕಿದೆ.
ವರ್ಷಕ್ಕ ಒಂದ ಗ್ವಾಡಿ, ಹಂಗಂತ ನನ್ನ ಲೆಕ್ಕ.
ಹೋದ ಸಲ ಅರಿಷಿಣ. ಅದರ ಹಿಂದಿನ ಸಲ
ಬೇವಿನ ಚಿಗುರಿನ ಬಣ್ಣ ಮಾಡಾಕ ಹೋಗಿ
ಸರಕಾರಿ ದವಾಖಾನಿ ಆಗಿತ್ತು ನಮ್ಮ ಪಡಸಾಲಿ.
"ಬಣ್ಣ ಏನರೆ ಹಚ್ಚರಿ, ಮೊಳಿ ಮಾತ್ರ ಬಡೀಬ್ಯಾಡ್ರಿ"
ಅಂತಾರ ಪದಕಿ ಮಾಸ್ತರು, ಬಾಡಿಗಿ ಎಣಿಸಿಕೊಂತ.

ಭಾಗ್ಯನಗರದಾಗ ನಮ್ಮ ಓಣಿಗೆಲ್ಲ ಕೂದಲದ ಕೆಲಸ.
ಎಲ್ಲೆಲ್ಲಿಂದಲೋ ಮೂಟಿ ಬರತಾವ.
ಸಿಕ್ಕು ಬಿಡಿಸಿ, ಉದ್ದ ಗಿಡ್ಡ ಬ್ಯಾರೆ ಮಾಡಿ,
ಬುಡ ಒಂದ ಕಡಿ, ತುದಿ ಒಂದ ಕಡಿ,
ದಿನಾ ಎಂಟು ತಾಸು.
ಮನಿಗೆ ಬಂದರೂ ಬೆರಳು ಸುಮ್ಮನಿರಂಗಿಲ್ಲ,
ಗಾಳ್ಯಾಗೂ ಸಿಕ್ಕು ಹುಡುಕತಾವ.
ಅದಕ್ಕ ಸೂಜಿ ಹಿಡದೆ.

ಹುಸೇನಬಿ ಕಟ್ಟಿ ಮ್ಯಾಲ ಅರಿವಿ ಗಂಟು ಬಿಚ್ಚಿದಳು:
ಅಕಿ ನಿಕಾದ ಮಖಮಲ್ಲು, ಇಲಿ ಕಡದು ಉಳಿದಷ್ಟು;
ನಮ್ಮತ್ತಿಯ ಇಳಕಲ್ಲ ಸೆರಗು; ಮುರಿದ ಛತ್ರಿ;
ಒಂದು ಹಸರ ಕುಬಸ,
ಯಾರದಂತ ಇಬ್ಬರಿಗೂ ನೆನಪಿಲ್ಲ.
ಬಾಗಲಕ್ಕ ತೋರಣ, ಒಣಗದಂಥಾ ಮಾವಿನೆಲಿ, ಹನ್ನೊಂದು.
"ಹನ್ನೊಂದ ಯಾಕ?"
"ಅರಿವಿ ಅಷ್ಟಕ್ಕ ತೀರತೈತಿ."

ಬೇವಿನ ಹೂ ಉದುರತಿದ್ದವು
ಹೊಲಿಗಿ ಮ್ಯಾಲ, ಚಾದ ಕಪ್ಪಿನ್ಯಾಗ.
ಅಕಿ ಹೊಲಿಗಿ ಇರಿವಿ ಸಾಲು,
ನಂದು ಕುಡದಂವ ಮನಿಗೆ ನಡದಂಗ.
"ಬಿಚ್ಚಲೇನ?" ಅಂದರ
"ಗಿಡದಾಗಿನ ಎಲಿ ಯಾರರ ಬಿಚ್ಚಿ ಹೊಲಿತಾರೇನ?" ಅಂದ್ಲು.

ನಡುವ ಒಂದು ಗಿಳಿ, ಹಸರ ಕುಬಸದ್ದು.
ಕಣ್ಣಿಗೆ ಬರೂದರಾಗ ಕರೀ ದಾರ ತೀರಿತ್ತು,
ಅಂಗಡಿ ಮುಚ್ಚಿತ್ತು.
ನನ್ನ ಸೀರಿಗೆ ಅಂಟಿ ಬಂದಿತ್ತು ಒಂದ ಕೂದಲ,
ಮೊಳದುದ್ದ, ಗಟ್ಟಿ.
ಪೋಣಿಸಿದೆ.
ಯಾವ ದೇವರಿಗೆ ಹೊತ್ತ ಹರಕಿಯೋ,
ಯಾವ ಕೂಸಿನ ಜ್ವರ ಇಳೀಲೆಂತ
ಯಾವಾಕಿ ತಲಿ ಬಗ್ಗಿಸಿ ಕುಂತಿದ್ದಳೋ.
ಮೂರು ಸುತ್ತು ಸುತ್ತಿ ಬಿಗದೆ.
ಗಿಳಿ ನನ್ನ ನೋಡಿತು.
ಹುಸೇನಬಿ ಏನೂ ಅನಲಿಲ್ಲ,
ಗಿಳಿನ್ನ ಒಮ್ಮಿ ಸವರಿದಳು.

ಶನಿವಾರ ರಾತ್ರಿ ಗ್ವಾಡಿಗೆ ಎರಡನೇ ಕೋಟು.
ಐತವಾರ ಯಂಕಣ್ಣನ ಟಂಟಂನ್ಯಾಗ ಇಟಗಿಗೆ,
ಏಳು ಮಂದಿ, ಮಡಿಲಾಗ ಬುತ್ತಿ.
ದಾರಿಗುಂಟ ಹುಲಗಲ ಹೂವು
ಡಾಂಬರಿನ ಮ್ಯಾಲ ಅವಲಕ್ಕಿ ಚೆಲ್ಲಿದಂಗ.
ಮೈಬೂಬಿ ಕೈ ಹೊರಗ ಚಾಚಿ ಗಾಳಿ ಹಿಡಿದು
ನಮ್ಮ ಮಾರಿಗೆ ಒಗೀತಿದ್ದಳು.

ಗುಡಿಯಾಗ ಮಂದಿ ಕೈ ಮುಗದರು, ಫೋಟೋ ತಗದರು.
ನಾ ಬಾಗಲವಾಡದ ಮುಂದ ನಿಂತುಬಿಟ್ಟೆ.
ಕಲ್ಲಿನ ಬಳ್ಳಿ ಸುರುಳಿ ಸುರುಳಿ ಮ್ಯಾಲ ಹೋಗಿ
ಹೊಳ್ಳಿ ಕೆಳಗ ಬಂದೈತಿ.
ಎಲ್ಲಿ ಶುರು ಮಾಡ್ಯಾನ? ಗಂಟು ಎಲ್ಲಿ ಹಾಕ್ಯಾನ?
ಸಿಕ್ಕು ಬಿಡಿಸೂ ಬೆರಳಿಲೆ ಹುಡುಕಿದೆ.
ಸಿಗಲಿಲ್ಲ.
ಹಿಂದ ಹೋಗಿ ನೋಡಿದೆ. ಹೊಲಿಯಾಕಿಗೆ ಗೊತ್ತು,
ಖರೇ ಇರೂದು ಹಿಂದ.
ಒಂದ ಮೂಲ್ಯಾಗ, ನೆಲಕ್ಕ ಹತ್ತಿ,
ಒಂದ ಹೂವು ಅರ್ಧಕ್ಕ ನಿಂತಿತ್ತು.
ಎರಡು ಎಸಳು, ಉಳಿದದ್ದು ಬರೇ ಗೀರು.
"ಹುಸೇನಬಿ, ಬಾ ಇಲ್ಲೆ!"
ಇಬ್ಬರೂ ಕುಕ್ಕರಗಾಲಿಲೆ ಕುಂತಿವಿ.
"ಇವಗ ಊಟಕ್ಕ ಕರದಿರಬೇಕು" ಅಂದ್ಲು.
ಎಷ್ಟು ನಕ್ಕಿವಂದರ
ಪಾವಟಿಗಿ ಮ್ಯಾಲ ರೊಟ್ಟಿ ಬಿಚ್ಚಿದರೂ ನಗಿ ನಿಲ್ಲಲಿಲ್ಲ,
ಶೇಂಗಾ ಹಿಂಡಿ ಮೂಗಿಗೆ ಏರಿತು.

ಸಂಜಿಗೆ ತೋರಣ ಕಟ್ಟಿದೆ, ಮೊಳಿ ಇಲ್ಲದ,
ಕಿಡಕಿ ಸರಳಿಂದ ಚಿಲಕಕ್ಕ ದಾರ ಎಳದು.
ಒಂದ ಕಡಿ ಜೋತೈತಿ. ಹನ್ನೊಂದನೇ ಎಲಿ ಗಿಡ್ಡ.
ಮೊಳಿ ಹುಡುಕಾಕ ಬಂದ ಪದಕಿ ಮಾಸ್ತರು
ಹೊಚ್ಚಲದಾಗ ನಿಂತರು:
"ಈ ಗಿಳಿ ಯಾಕ ನನ್ನ ನೋಡಾಕತ್ತೈತಿ?"

ಸೋಮವಾರ ಮುಕಾದಮ ನನ್ನ ಉಗುರು ಹಿಡದ:
"ಏನಿದು ನೀಲಿ? ಮಾಲಿಗೆ ಹತ್ತಿದರ?"
"ಗ್ವಾಡಿರಿ" ಅಂದೆ,
ಮುಂದಿನ ಮೂಟಿ ಬಿಚ್ಚಿದೆ.