ಕಲ್ಲಿನ ಇನ್ನೊಂದು ಮಗ್ಗುಲು

ಮೂರು ಗೆರೆ, ಅಷ್ಟೇ. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು.
ಅಂಗೈಯಗಲ. ಅದಕ್ಕೇ ಸಂಬಳ.
ಲಾರಿಯ ಬೆನ್ನಿಗೆ ನವಿಲು ಬರೆದ ಕೈ ಇದು,
ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಗರಿಗೊಂದು ಕಣ್ಣಿಟ್ಟು
ಮಾಲೀಕನ ಮಗಳ ಹೆಸರಿಗೆ ಬಳ್ಳಿ ಸುತ್ತಿದ ಕೈ.
ಮಸ್ಕತ್ತಿನಲ್ಲಿ ನಾಲ್ಕು ವರ್ಷ ಪಾರ್ಕಿಂಗಿನ ಗೆರೆ ಎಳೆಯಿತು.
ಆಮೇಲೊಂದು ದಿನ ಮೇಸ್ತ್ರಿ
ಪಾಸ್‌ಪೋರ್ಟಿನಲ್ಲಿ ನನ್ನ ಅಡ್ಡಹೆಸರು ನೋಡಿ ನಕ್ಕ:
‘ಚಿತ್ರಗಾರನಾ? ಹಾಗಾದರೆ ಬೆಟ್ಟ ಹತ್ತು.’

ಜಬಲ್ ಅಖ್ದರದ ಬೆನ್ನಿನ ಮೇಲೆ ಐದು ದಿನದ ದಾರಿ.
ಮಾಡಿದ್ದು ಕತ್ತೆಗಳು.
ಖರ್ಜೂರ ಹತ್ತಿಸಿ, ದಾಳಿಂಬೆ ಇಳಿಸಿ,
ಮತ್ತೆ ಖರ್ಜೂರ ಹತ್ತಿಸಿ
ಗೊರಸು ಸವೆದಷ್ಟೇ ಕಲ್ಲೂ ಸವೆದಿದೆ.
ಟಾರುರಸ್ತೆ ಬಂದ ಮೇಲೆ ಊರವರು ಈ ಕಡೆ ತಲೆ ಹಾಕಿಲ್ಲ.
ಈಗ ನಡೆಯುವುದಕ್ಕೆಂದೇ ವಿಮಾನ ಹತ್ತಿ ಬರುತ್ತಾರೆ,
ಎರಡೆರಡು ಕೋಲು ಊರಿಕೊಂಡು, ಕುಂಟರಲ್ಲದವರು.

ಖಲ್ಫಾನ್‌ಗೆ ಎಪ್ಪತ್ತೋ ಎಂಬತ್ತೋ. ಕೇಳಿದರೆ
‘ರಸ್ತೆಗಿಂತ ದೊಡ್ಡವನು’ ಅನ್ನುತ್ತಾನೆ.
ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಅವನು ಮುಂದೆ,
ಡಬ್ಬಿ, ಕುಂಚ, ನೀರು ಹೊತ್ತು ನಾನು ಹಿಂದೆ.
ಅವನ ಹಿಂದಿ ಹರಕು, ನನ್ನ ಅರಬ್ಬಿ ತೂತು,
ನಡುವೆ ಬೇಕಾದಷ್ಟು ಗಾಳಿ ಆಡುತ್ತಿತ್ತು.

ಹೊಸಬನ ಉಮೇದು, ಕಂಡಕಂಡ ಕಲ್ಲಿಗೆ ಬಳಿಯುತ್ತಿದ್ದೆ.
ತಡೆದ. ದಾರಿ ತಾನೇ ಎದ್ದು ಕಾಣುವಲ್ಲಿ ಬೇಡ,
ಕಾಲಿಗೆ ಗುಮಾನಿ ಬರುತ್ತದಲ್ಲ, ಅಲ್ಲಿ ಹಾಕು.
ಅದು ಹೇಗೆ ಗೊತ್ತಾಗಬೇಕು ಅಂದೆ.
‘ನಿಂತೆಯಲ್ಲ ಈಗ? ಇಲ್ಲೇ.’

ಎರಡನೇ ದಿನ ಆಡೊಂದು ಹಸಿ ಗೆರೆ ಮೂಸಿ
ಹಳದಿ ಗಡ್ಡ ಹೊತ್ತು ಕುಪ್ಪಳಿಸಿತು.
ಅದನ್ನೇ ನಂಬಿ ಯಾರಾದರೂ ಹಿಂದೆ ಹೋದಾರು ಅಂತ ನನಗೆ ದಿಗಿಲು.
‘ಹೋಗಲಿ ಬಿಡು, ಅದು ಹೋಗುವುದು ನೀರಿನ ಹತ್ತಿರಕ್ಕೇ.’

ಮೂರನೇ ದಿನ ವಾದಿಯ ಕೊರಕಲಿನಲ್ಲಿ ದಾರಿಯೇ ಇರಲಿಲ್ಲ.
ಹೋದ ವರ್ಷದ ನೆರೆ ಮನೆಗಾತ್ರದ ಬಂಡೆಗಳನ್ನು
ಗೋಲಿ ಚೆಲ್ಲಿದಂತೆ ಚೆಲ್ಲಿ ಹೋಗಿತ್ತು.
ಯಾರೋ ಹಿಂದೆ ಬರೆದ ಗುರುತೊಂದು ತಲೆಕೆಳಗಾಗಿ,
ಕೆಂಪು ಮೇಲೆ, ಹಳದಿ ಕೆಳಗೆ, ಆಕಾಶಕ್ಕೆ ದಾರಿ ತೋರಿಸುತ್ತಿತ್ತು.
ಅಂಥದನ್ನು ಕಲ್ಲಿನ ಬಣ್ಣದಿಂದ ಮುಚ್ಚಬೇಕು. ಅಳಿಸುವುದಕ್ಕೂ ಕೂಲಿ ಉಂಟು.
ಮೂಲೆಯಲ್ಲಿ ಇರುವೆಸಾಲಿನಂಥ ಅಕ್ಷರ, ಬಂಗಾಳಿಯೋ ಏನೋ,
ಹೆಸರೇ ಇರಬೇಕು.
ಓದಲು ಬರಲಿಲ್ಲ. ಅದೊಂದನ್ನು ಬಿಟ್ಟೆ.

ಐದನೇ ಸಂಜೆ ದಾಳಿಂಬೆಯ ಮೆಟ್ಟಿಲುಹೊಲ ಕಂಡಿತು,
ಕಾಲುವೆಯ ನೀರಿನ ಸದ್ದು, ಯಾರದೋ ಮನೆಯ ಕಾಫಿಯ ವಾಸನೆ.
ಮುಗಿಯಿತು ಅಂತ ಕುಂಚ ತೊಳೆಯಲು ಬಗ್ಗಿದೆ.
ಖಲ್ಫಾನ್ ಹೆಗಲು ಹಿಡಿದು
ನನ್ನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ.
ಈ ಬೆಟ್ಟವನ್ನು ನಾನು ನೋಡಿರಲೇ ಇಲ್ಲ.
ನಾನು ಇಳಿದದ್ದು ಇದನ್ನಲ್ಲ, ಆಣೆ ಮಾಡಿ ಹೇಳುತ್ತೇನೆ.
ಒಂದು ಗೆರೆಯೂ ಇಲ್ಲ. ಕಲ್ಲುಗಳೆಲ್ಲ ಬೆನ್ನು ತೋರಿಸಿ ಕೂತಿವೆ.
‘ಬರುವವನು?’ ಅಂದ.
ಒಂದೇ ಮಾತು, ಅದೂ ಹರಕು ಹಿಂದಿಯಲ್ಲಿ.

ಹಾಗಾಗಿ ಐದು ದಿನದ ಕೆಲಸ ಹತ್ತಾಯಿತು.
ಬಣ್ಣ ಎಲ್ಲಿ ಮಾರಿಕೊಂಡೆ ಅಂತ ಫೋನಿನಲ್ಲಿ ಮೇಸ್ತ್ರಿ ಬೈದ,
ಬೆಟ್ಟದ ತಿರುವು ಬಂದು ಬೈಗುಳ ಅರ್ಧಕ್ಕೇ ಕಡಿಯಿತು.
ಪ್ರತಿ ಕಲ್ಲಿಗೂ ಸುತ್ತು ಹಾಕಿದೆ.
ಹೋಗುವಾಗ ಗುಮಾನಿ ಬಂದ ಜಾಗದಲ್ಲಿ ಬರುವಾಗ ಬರಲಿಲ್ಲ,
ಆಗ ಧೈರ್ಯವಾಗಿ ದಾಟಿದಲ್ಲೆಲ್ಲ ಈಗ ಕಾಲು ತಡೆಯಿತು.

ಕೊನೆಯ ಕಲ್ಲಿನ ಮೂಲೆಗೆ ನನ್ನದೂ ಹೆಸರಿರಲಿ ಅನಿಸಿತು.
ಮೌನೇಶ ಅನ್ನುವುದರಲ್ಲಿ
‘ಮೌ’ ಮೂಡುವಷ್ಟಕ್ಕೆ ಡಬ್ಬಿ ಬರಿದು.
ಖಲ್ಫಾನ್ ನೋಡಿದ, ಏನೂ ಅನ್ನಲಿಲ್ಲ.
ಟಾರು ಬಂತು.
ಚಪ್ಪಲಿ ಹಾಕಿಕೊಂಡ.